ತುಕ್ಕು ಹಿಡಿಯದ ಉಕ್ಕಿನ ಪಾಕ

ನಮ್ಮ ನಾಡಿನಲ್ಲಿ ಇಂದು ಸ್ಟೀಲು ಪಾತ್ರೆಯಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ನಮ್ಮ ಅಜ್ಜಿಯ ಕಾಲದಲ್ಲಿ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಹುಣಿಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಕೈ ಸೋಲುತ್ತಿತ್ತು. ಈಗ ಆ ಶ್ರಮವಿಲ್ಲ. ಮದುವೆಗೂ ಗೃಹಪ್ರವೇಶಕ್ಕೂ ಹೆಸರು ಕೊರೆಸಿದ ಸ್ಟೀಲು ಲೋಟ ಡಬರಿಗಳೇ ಉಡುಗೊರೆ. "ಇದು ಒಳ್ಳೆಯ ಸ್ಟೀಲೇನ್ರೀ?" ಎಂದು ಅಂಗಡಿಯವನನ್ನು ಕೇಳುವ ನಾವು, ಒಳ್ಳೆಯ ಸ್ಟೀಲು ಎಂದರೆ ಏನು, ಅದನ್ನು ಒಳ್ಳೆಯದನ್ನಾಗಿ ಮಾಡುವುದು ಹೇಗೆ ಎಂದು ವಿಚಾರಿಸುವುದು ಅಪರೂಪ. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಲೋಹಶಾಸ್ತ್ರವನ್ನು ಕುರಿತು ಬರೆಯುವ ಅಧಿಕಾರವಿಲ್ಲವೆಂದು ಕೆಲವರು ಹೇಳಿಯಾರು. ಆದರೆ ಎರಡು ಬೇಸಗೆಯ ರಜೆಗಳನ್ನು ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಕಳೆದ ನಾನು, ಅಲ್ಲಿ ಕಂಡದ್ದನ್ನೂ, ಅಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನೂ ವಾಚಕ ಮಿತ್ರರ ಮುಂದಿಡಲು ಬಯಸುತ್ತೇನೆ. ವಿಜ್ಞಾನದ ಅಧ್ಯಾಪಕರು ನನ್ನ ಅಲ್ಪಜ್ಞತೆಯನ್ನು ಮನ್ನಿಸಬೇಕು.

ನಮ್ಮ ಊರು ಸೋಲದೇವನಹಳ್ಳಿ. ಯಶವಂತಪುರದಿಂದ ತುಮಕೂರಿನ ಕಡೆಗೆ ಹೋಗುವ ರೈಲು ಚಿಕ್ಕಬಾಣಾವರವನ್ನು ದಾಟಿದ ಮೇಲೆ ನಮ್ಮ ನಿಲ್ದಾಣ ಬರುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದ ಕೆರೆಯ ನೀರನ್ನು ಬೆಂಗಳೂರಿಗೆ ಕೊಡುವ ಏರ್ಪಾಡಾದಾಗ, ಆ ನೀರು ಮೊದಲು ಸೋಲದೇವನಹಳ್ಳಿಯ ಪಂಪುಮನೆಗೆ ಹರಿದುಬಂದು, ಅಲ್ಲಿಂದ ಯಂತ್ರಬಲದಿಂದ ನಗರದತ್ತ ಏರುತ್ತಿತ್ತು. ಹಾಗಾಗಿ ನೀರು, ಪಂಪು, ಕೊಳವೆ, ಕಬ್ಬಿಣ, ತುಕ್ಕು, ಇವು ನಮ್ಮ ಊರಿಗೆ ಹಳೆಯ ನಂಟರು. ಇಂದು ಊರಿನ ಸುತ್ತ ಕಾಲೇಜುಗಳೂ ಬಡಾವಣೆಗಳೂ ತುಂಬಿವೆ. ನಡುನಡುವೆ ಸಣ್ಣ ಕಾರ್ಖಾನೆಗಳೂ ಇವೆ. ಅಂಥ ಒಂದರಲ್ಲಿ ನನ್ನ ದೊಡ್ಡಪ್ಪ ಕುಲುಮೆಯ ಮೇಸ್ತ್ರಿ. ತಗಡಿನ ಚಾವಣಿ, ಇಪ್ಪತ್ತು ಜನ ಕೆಲಸಗಾರರು, ಒಂದು ವಿದ್ಯುತ್ ಕುಲುಮೆ, ಅಷ್ಟೇ ಆ ಫೌಂಡ್ರಿ. ಅಲ್ಲಿ ಪಾತ್ರೆ ಮಾಡುವುದಿಲ್ಲ. ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಇಂಪೆಲ್ಲರ್, ಔಷಧದ ಕಾರ್ಖಾನೆಗಳಿಗೆ ಬೇಕಾದ ವಾಲ್ವಿನ ಒಡಲು, ಇಂಥವನ್ನು ತುಕ್ಕು ಹಿಡಿಯದ ಉಕ್ಕಿನಲ್ಲಿ ಎರಕ ಹೊಯ್ಯುವುದು ಅಲ್ಲಿಯ ಕಸುಬು.

ಮೊದಲು ಈ ಲೋಹದ ಗುಟ್ಟನ್ನು ತಿಳಿಯೋಣ. ಸಾಮಾನ್ಯ ಕಬ್ಬಿಣಕ್ಕೆ ಗಾಳಿ ನೀರು ಸೋಕಿದರೆ ತುಕ್ಕು ಬರುವುದು. ಆ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಉದುರಿದಷ್ಟೂ ಕೆಳಗಿನ ಕಬ್ಬಿಣ ಬಯಲಾಗಿ ಮತ್ತೆ ತುಕ್ಕು ಹಿಡಿಯುತ್ತದೆ. ಆದರೆ ಕಬ್ಬಿಣದಲ್ಲಿ ಶೇಕಡಾ 11ರಷ್ಟು ಅಥವಾ ಅದಕ್ಕೂ ಹೆಚ್ಚು ಕ್ರೋಮಿಯಂ ಬೆರೆತಿದ್ದರೆ ಬೇರೆಯೇ ಸಂಗತಿ ನಡೆಯುವುದು. ಆಗ ಗಾಳಿಯ ಆಮ್ಲಜನಕವು ಕ್ರೋಮಿಯಂನೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ, ಮಿಲಿಮೀಟರಿನ ಕೆಲವೇ ದಶಲಕ್ಷಾಂಶಗಳಷ್ಟು ದಪ್ಪದ ಒಂದು ಪೊರೆಯನ್ನು ಕಟ್ಟುತ್ತದೆ. ಈ ಪೊರೆ ಉದುರುವುದಿಲ್ಲ. ಗೀರು ಬಿದ್ದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಪಾತ್ರೆಯನ್ನು ನಾವು ದಿನವೂ ಉಜ್ಜಿದರೂ ಅದು ಹೊಳೆಯುತ್ತಲೇ ಇರುವುದಕ್ಕೆ ಇದೇ ಕಾರಣ.

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದ ಹ್ಯಾರಿ ಬ್ರೇರ್ಲಿ ಎಂಬವರು ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವ ಪ್ರಯತ್ನದಲ್ಲಿದ್ದಾಗ ಶೇಕಡಾ 12.8 ಕ್ರೋಮಿಯಂ ಇದ್ದ ಉಕ್ಕನ್ನು ಎರಕ ಹೊಯ್ದು, ಅದು ಆಮ್ಲಕ್ಕೆ ಸುಲಭವಾಗಿ ಬಗ್ಗದಿರುವುದನ್ನು ಕಂಡರು. ಅದಕ್ಕೆ ಸ್ವಲ್ಪ ಮುಂಚೆ, 1912ರಲ್ಲಿ, ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಸ್ಟ್ರಾಸ್ ಮತ್ತು ಮೌರರ್ ಎಂಬ ಇಬ್ಬರು ಕ್ರೋಮಿಯಂನ ಜೊತೆಗೆ ನಿಕ್ಕಲನ್ನೂ ಸೇರಿಸಿ ಇನ್ನೊಂದು ಬಗೆಯ ಉಕ್ಕನ್ನು ಪಡೆದಿದ್ದರು. ಇಂದಿಗೂ ಹೆಸರಾಗಿರುವ ಹದಿನೆಂಟು-ಎಂಟು ಎಂಬ ಮಿಶ್ರಣ, ಎಂದರೆ ನೂರಕ್ಕೆ 18 ಪಾಲು ಕ್ರೋಮಿಯಂ ಮತ್ತು 8 ಪಾಲು ನಿಕ್ಕಲು, ಆ ವಂಶದ್ದೇ.

ಉಕ್ಕಿನ ಪಾಕವನ್ನು ಹದ ಮಾಡುವ ವಿದ್ಯೆ ಪಶ್ಚಿಮದಿಂದಲೇ ಬಂತೆಂದು ನಾವು ತಿಳಿಯಬೇಕಾಗಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ನಮ್ಮ ಊರಿಗೆ ದೂರವಲ್ಲದ ಮಾಗಡಿಯ ಸುತ್ತಿನಲ್ಲಿ ಉಕ್ಕು ತಯಾರಿಸುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಅದರೊಡನೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರು ಎಲೆಯನ್ನೂ ಇಷ್ಟಿಷ್ಟೇ ಎಂದು ಹಾಕಿ, ಬಾಯಿ ಮುಚ್ಚಿ ಕಾಸುತ್ತಿದ್ದರು. ಕಡ್ಡಿಯೂ ಎಲೆಯೂ ಇದ್ದಿಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಇಳಿದು ಅದು ಉಕ್ಕಾಗುತ್ತಿತ್ತು. ಅವರ ಬಳಿ ರಸಾಯನಶಾಸ್ತ್ರದ ಪುಸ್ತಕವಿರಲಿಲ್ಲ. ಕಡ್ಡಿಯ ಅಳತೆಯೇ ಅವರ ಲೆಕ್ಕ. ಇಂಗ್ಲಿಷಿನಲ್ಲಿ ಆ ಉಕ್ಕಿಗೆ ಬಂದ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂದು ವಿದ್ವಾಂಸರು ಹೇಳುತ್ತಾರೆ. 1923ರಲ್ಲಿ ಭದ್ರಾವತಿಯಲ್ಲಿ ಬೀಡುಕಬ್ಬಿಣದ ತಯಾರಿಕೆ ಆರಂಭವಾಗಿ, ಮುಂದೆ ಆ ಕಾರ್ಖಾನೆ ಮಿಶ್ರಲೋಹದ ಉಕ್ಕುಗಳಿಗೂ ಹೆಸರಾದದ್ದು ಎಲ್ಲರಿಗೂ ತಿಳಿದದ್ದೇ. ಕ್ರೋಮಿಯಂನ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಸಿಕ್ಕಿದೆ. ನಿಕ್ಕಲು ಮಾತ್ರ ನಮ್ಮ ದೇಶಕ್ಕೆ ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕು; ಆದುದರಿಂದ ಅದು ತುಟ್ಟಿ. ಸಣ್ಣ ಫೌಂಡ್ರಿಯವರು ನಿಕ್ಕಲನ್ನು ಚಿನ್ನದಂತೆ ತೂಗುವುದಕ್ಕೆ ಇದೇ ಕಾರಣ.

ನಮ್ಮ ದೊಡ್ಡಪ್ಪನ ಫೌಂಡ್ರಿಯಲ್ಲಿ ಹೆಚ್ಚಾಗಿ ಹೊಯ್ಯುವ ಎರಕಕ್ಕೆ ಸಿ.ಎಫ್.8 ಎಂದು ಹೆಸರು. ಪಾತ್ರೆ ಅಂಗಡಿಯಲ್ಲಿ 304 ಎಂದು ಕರೆಯುವ ಉಕ್ಕಿಗೆ ಎರಕದ ಲೋಕದಲ್ಲಿ ಇದು ಸೋದರ. ಇದರ ನಿಯಮ ಹೀಗಿದೆ: ಕ್ರೋಮಿಯಂ ಶೇಕಡಾ 18ರಿಂದ 21, ನಿಕ್ಕಲು 8ರಿಂದ 11, ಮ್ಯಾಂಗನೀಸು 1.5ನ್ನು ಮೀರಬಾರದು, ಸಿಲಿಕಾನು 2ನ್ನು ಮೀರಬಾರದು, ಗಂಧಕ, ರಂಜಕಗಳು ಒಂದೊಂದೂ 0.04ನ್ನು ಮೀರಬಾರದು, ಇಂಗಾಲ 0.08ನ್ನು ಮೀರಬಾರದು. ಓದುಗರು ಒಂದು ವಿಷಯವನ್ನು ಗಮನಿಸಬೇಕು. ಮೊದಲ ಎರಡಕ್ಕೆ ಕೆಳಗಿನ ಮಿತಿಯೂ ಉಂಟು, ಮೇಲಿನ ಮಿತಿಯೂ ಉಂಟು. ಉಳಿದವುಗಳಿಗೆ ಮೇಲಿನ ಮಿತಿ ಮಾತ್ರ. ಈ ಭೇದದಲ್ಲಿಯೇ ಕುಲುಮೆಯವರ ಸುಖದುಃಖವೆಲ್ಲ ಅಡಗಿದೆಯೆಂಬುದು ಮುಂದೆ ತಿಳಿಯುವುದು.

ಕುಲುಮೆಗೆ ಹಾಕುವ ಸರಕು ಎಲ್ಲಿಂದ ಬರುತ್ತದೆ? ಒಂದು ಪಾಲು ಅವರದೇ ಮನೆಯದು: ಅಚ್ಚಿಗೆ ಲೋಹ ಹರಿಯುವ ಕಾಲುವೆಯಲ್ಲಿ ಗಟ್ಟಿಯಾದ ರನ್ನರ್, ಎರಕ ಕುಗ್ಗುವಾಗ ಲೋಹ ಉಣಿಸುವ ರೈಸರ್, ಇವನ್ನು ಕಡಿದು ಮತ್ತೆ ಕರಗಿಸುತ್ತಾರೆ. ಇವುಗಳ ಗುಣ ಗೊತ್ತಿರುವುದರಿಂದ ಭಯವಿಲ್ಲ. ಇನ್ನೊಂದು ಪಾಲು ಗುಜರಿ. ಪೀಣ್ಯದ ಕಡೆಯ ಲೇತ್ ಯಂತ್ರಗಳ ಸುರುಳಿ, ತಗಡಿನ ಚೂರು, ಹಳೆಯ ಕೊಳವೆ, ಎಲ್ಲವೂ ಅದರಲ್ಲಿ ಇರುತ್ತವೆ. ನೋಡಲು ಎಲ್ಲವೂ ಬೆಳ್ಳಗೆ ಹೊಳೆಯುತ್ತವೆ, ಆದರೆ ಒಳಗಿನ ಕುಲಗೋತ್ರ ಬೇರೆ ಬೇರೆ. ಉದಾಹರಣೆಗೆ, ಲೇತಿನಲ್ಲಿ ಸುಲಭವಾಗಿ ಕಡಿಯಲೆಂದು ಬೇಕೆಂತಲೇ ಗಂಧಕ ಸೇರಿಸಿದ 303 ಎಂಬ ಉಕ್ಕುಂಟು. ಅದರಲ್ಲಿ ಗಂಧಕ ಕಡೆಯಪಕ್ಷ 0.15 ಇರಲೇಬೇಕು. ಅಂಥ ಸುರುಳಿ 60 ಕಿಲೋ, ಗಂಧಕ 0.015 ಇರುವ ಒಳ್ಳೆಯ ಸರಕು 240 ಕಿಲೋ ಕೂಡಿದರೆ, ಒಟ್ಟು ಗಂಧಕ 90 ಗ್ರಾಮು ಮತ್ತು 36 ಗ್ರಾಮು, ಸೇರಿ 126 ಗ್ರಾಮು. 300 ಕಿಲೋಗೆ ಇದು ಶೇಕಡಾ 0.042. ಮಿತಿ ಮೀರಿತು! ಐದನೆಯ ಒಂದು ಪಾಲು ತಿಳಿಯದ ಸರಕು ಇಡೀ ಕುಲುಮೆಯನ್ನು ಕೆಡಿಸಿತು. ಆದುದರಿಂದ ದೊಡ್ಡಪ್ಪನು ಗುಜರಿಯನ್ನು ಆರಿಸುವ ಕೆಲಸವನ್ನು ಯಾರಿಗೂ ಸುಲಭವಾಗಿ ಬಿಡುವುದಿಲ್ಲ.

ಸರಕು ಕರಗುವುದು ವಿದ್ಯುತ್ತಿನ ಪ್ರೇರಣೆಯಿಂದ. ಮೂಸೆಯ ಸುತ್ತ ನೀರು ಹರಿಯುವ ತಾಮ್ರದ ಕೊಳವೆ ಸುತ್ತಿರುತ್ತದೆ. ಅದರಲ್ಲಿ ಪ್ರವಾಹ ಹರಿದಾಗ ಒಳಗಿನ ಲೋಹವೇ ಬಿಸಿಯಾಗಿ ಕರಗಿ, ತಾನೇ ಕಲಕಿಕೊಳ್ಳುತ್ತದೆ. ಹೊರಗೆ ಬೆಂಕಿ ಕಾಣದು. ಇಂಥ ಕುಲುಮೆ ಕರಗಿಸುವುದರಲ್ಲಿ ನಿಪುಣ, ಶುದ್ಧಿ ಮಾಡುವುದರಲ್ಲಿ ಬಡವ. ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಆರ್ಗಾನ್ ಮತ್ತು ಆಮ್ಲಜನಕಗಳನ್ನು ಬೆರೆಸಿ ಕರಗಿದ ಲೋಹದೊಳಗೆ ಊದಿ, ಕ್ರೋಮಿಯಂ ಹೆಚ್ಚು ನಷ್ಟವಾಗದಂತೆ ಇಂಗಾಲವನ್ನು ಸುಟ್ಟು ತೆಗೆಯುವ ವಿಧಾನ 1968ರಿಂದೀಚೆಗೆ ಬಳಕೆಗೆ ಬಂತು. ನಮ್ಮ ತಗಡಿನ ಚಾವಣಿಯ ಕೆಳಗೆ ಆ ವೈಭವವಿಲ್ಲ. ಇಲ್ಲಿ ಏನು ಹಾಕಿದೆವೋ ಅದೇ ಹೊರಗೆ ಬರುವುದು.

ಲೋಹ ಕರಗಿದ ಮೇಲೆ ಒಂದು ಸೌಟಿನಲ್ಲಿ ಸ್ವಲ್ಪ ತೆಗೆದು ಚಿಕ್ಕ ಅಚ್ಚಿಗೆ ಹೊಯ್ಯುತ್ತಾರೆ. ಅದು ಬಿಲ್ಲೆಯಾಗುತ್ತದೆ. ಅದನ್ನು ನೀರಿನಲ್ಲಿ ಅದ್ದಿ, ಮುಖವನ್ನು ಉಜ್ಜಿ ನಯಮಾಡಿ, ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿರುವ ಪರೀಕ್ಷಾಶಾಲೆಗೆ ಒಯ್ಯಬೇಕು. ರಜೆಯಲ್ಲಿ ಆ ಓಟ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಮೇಲೆ ಬಿಲ್ಲೆಯನ್ನಿಟ್ಟು, ಆರ್ಗಾನ್ ಅನಿಲದ ನಡುವೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಕಿಡಿಯ ಬೆಳಕನ್ನು ಒಡೆದು ನೋಡಿದರೆ ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಗೆರೆಯನ್ನು ತೋರಿಸುತ್ತದೆ. ಗೆರೆ ಪ್ರಖರವಾದಷ್ಟೂ ಆ ವಸ್ತು ಹೆಚ್ಚು. ಒಂದೆರಡು ನಿಮಿಷದಲ್ಲಿ ಅಂಕಿಗಳ ಪಟ್ಟಿ ಕೈಗೆ ಬರುತ್ತದೆ. ಅಷ್ಟು ಹೊತ್ತೂ ಕುಲುಮೆ ಕಾಯುತ್ತಿರಬೇಕು. ವಿದ್ಯುತ್ತು ಉರಿಯುತ್ತದೆ, ಕ್ರೋಮಿಯಂ ಸ್ವಲ್ಪಸ್ವಲ್ಪವಾಗಿ ಸುಟ್ಟು ಕಿಟ್ಟದ ಪಾಲಾಗುತ್ತದೆ. ಆದಕಾರಣ ಸ್ಕೂಟರು ನಿಧಾನಿಸುವಂತಿಲ್ಲ.

ಪಟ್ಟಿ ಬಂದ ಮೇಲೆ ಲೆಕ್ಕ. ಒಂದು ದಿನದ ಉದಾಹರಣೆಯನ್ನು ಕೊಡುತ್ತೇನೆ. ಕುಲುಮೆಯಲ್ಲಿ 300 ಕಿಲೋ ಲೋಹ. ಕ್ರೋಮಿಯಂ ಶೇಕಡಾ 17.2, ನಿಕ್ಕಲು 8.3. ಕ್ರೋಮಿಯಂ 18.8 ಆಗಬೇಕು. ಕೊರತೆ ನೂರಕ್ಕೆ 1.6, ಎಂದರೆ 300 ಕಿಲೋಗೆ 4.8 ಕಿಲೋ. ಕ್ರೋಮಿಯಂನ್ನು ಶುದ್ಧವಾಗಿ ಹಾಕುವುದಿಲ್ಲ. ಕಬ್ಬಿಣದೊಡನೆ ಬೆರೆತ ಫೆರೋ ಕ್ರೋಮ್ ಎಂಬ ಗಟ್ಟಿಯಾಗಿ ಹಾಕುತ್ತಾರೆ. ಅದರಲ್ಲಿ ಶೇಕಡಾ 65 ಕ್ರೋಮಿಯಂ ಇದ್ದು, ಇಪ್ಪತ್ತರಲ್ಲಿ ಒಂದು ಪಾಲು ಸುಟ್ಟುಹೋಗುವುದೆಂದು ಹಿಡಿದರೆ, ಕಿಲೋ ಒಂದಕ್ಕೆ ನಮಗೆ ದಕ್ಕುವುದು 0.6175 ಕಿಲೋ. 4.8ನ್ನು 0.6175ರಿಂದ ಭಾಗಿಸಿದರೆ 7.8 ಕಿಲೋ. ಇಷ್ಟು ಹಾಕಿದರೆ ಸಾಕೆಂದು ನಾನು ಜಾಣತನದಿಂದ ಹೇಳಿದೆ. ದೊಡ್ಡಪ್ಪ ನಕ್ಕು, "ಮಗಾ, ಹಾಕಿದ್ದಕ್ಕೂ ಊಟ ಹಾಕಬೇಕಲ್ಲೋ" ಎಂದರು.

ಆ ಮಾತಿನ ಅರ್ಥ ಹೀಗೆ. ನಾವು ಹಾಕುವ ಫೆರೋ ಕ್ರೋಮ್ ಕೂಡ ಕುಲುಮೆಯ ಲೋಹದ ಒಂದು ಭಾಗವಾಗಿಬಿಡುತ್ತದೆ. ಅದರ ಪ್ರತಿಯೊಂದು ಕಿಲೋಗೂ 0.188 ಕಿಲೋ ಕ್ರೋಮಿಯಂ ತನಗೇ ಬೇಕು. ಉಳಿದದ್ದು ಮಾತ್ರ, ಎಂದರೆ 0.4295 ಕಿಲೋ, ಹಳೆಯ ಕೊರತೆಯನ್ನು ತುಂಬಲು ಒದಗುತ್ತದೆ. 4.8ನ್ನು 0.4295ರಿಂದ ಭಾಗಿಸಿದರೆ ಬರುವುದು 11.2 ಕಿಲೋ. ನನ್ನ ಲೆಕ್ಕದಂತೆ ಹಾಕಿದ್ದರೆ ಕ್ರೋಮಿಯಂ 18.3ಕ್ಕೆ ನಿಲ್ಲುತ್ತಿತ್ತು. ಇಷ್ಟಕ್ಕೇ ಮುಗಿಯಲಿಲ್ಲ. 11.2 ಕಿಲೋ ಸೇರಿದ ಮೇಲೆ ಲೋಹ 311.2 ಕಿಲೋ ಆಯಿತು. ಮೊದಲಿದ್ದ ನಿಕ್ಕಲು ಅಷ್ಟೇ ಇದ್ದರೂ ಅದರ ಪ್ರಮಾಣ 8.3ರಿಂದ 8.0ಕ್ಕೆ ಇಳಿದು ಮಿತಿಯ ಅಂಚಿಗೆ ಬಂದು ಕುಳಿತಿತು. ಅದನ್ನು 8.5ಕ್ಕೆ ಏರಿಸಲು ಸುಮಾರು 1.7 ಕಿಲೋ ನಿಕ್ಕಲು ಬೇಕು. ಅದನ್ನು ಹಾಕಿದಾಗ ಕ್ರೋಮಿಯಂ 18.7ಕ್ಕೆ ಇಳಿಯುತ್ತದೆ. ಒಂದನ್ನು ಎತ್ತಿದರೆ ಇನ್ನೊಂದು ತಗ್ಗುವುದು. ಹೈಸ್ಕೂಲಿನಲ್ಲಿ ನಾವು "ಇದರಿಂದ ಏನು ಪ್ರಯೋಜನ?" ಎಂದು ಗೊಣಗುತ್ತಾ ಕಲಿತ ಏಕಕಾಲಿಕ ಸಮೀಕರಣಗಳು ಇಲ್ಲಿ ದಿನವೂ ಕೆಂಪಗೆ ಕುದಿಯುತ್ತಿರುತ್ತವೆ. ಏಳನೆಯ ತರಗತಿಗೆ ಓದು ಬಿಟ್ಟ ನನ್ನ ದೊಡ್ಡಪ್ಪ ಇವನ್ನು ಸೀಮೆಸುಣ್ಣದಿಂದ ತಗಡಿನ ಗೋಡೆಯ ಮೇಲೆ ಬಿಡಿಸುತ್ತಾರೆ.

ಇನ್ನು ಇಂಗಾಲದ ವಿಚಾರ. ಮಾಗಡಿಯ ಕಮ್ಮಾರರಿಗೆ ಇಂಗಾಲ ಪ್ರಾಣ. ಅವರು ಕಡ್ಡಿ ಎಲೆ ಹಾಕಿ ಅದನ್ನು ತುಂಬುತ್ತಿದ್ದರು. ಈ ಉಕ್ಕಿಗೆ ಅದೇ ಇಂಗಾಲ ವೈರಿ. ಹೇಗೆಂದರೆ, ಎರಕವು 450ರಿಂದ 850 ಡಿಗ್ರಿ ಸೆಂಟಿಗ್ರೇಡಿನ ನಡುವೆ ನಿಧಾನವಾಗಿ ತಣಿದರೆ, ಅಥವಾ ಬೆಸುಗೆ ಹಾಕುವಾಗ ಆ ಬಿಸಿಗೆ ಸಿಕ್ಕಿದರೆ, ಇಂಗಾಲವು ಲೋಹದ ಹರಳುಗಳ ಅಂಚಿನಲ್ಲಿ ಕ್ರೋಮಿಯಂನ್ನು ಹಿಡಿದು ತನ್ನೊಡನೆ ಬಂಧಿಸಿಕೊಳ್ಳುತ್ತದೆ. ಆಗ ಅಂಚಿನಲ್ಲಿ ಪೊರೆ ಕಟ್ಟಲು ಕ್ರೋಮಿಯಂ ಸಾಲದು. ಒಟ್ಟು ಲೆಕ್ಕದಲ್ಲಿ ನೂರಕ್ಕೆ 18 ಇದ್ದರೂ, ಬೇಕಾದ ಕಡೆ ಇಲ್ಲ. ಮೇಲ್ಮೈ ಹೊಳೆಯುತ್ತಿದ್ದಂತೆಯೇ ಒಳಗೆ ಹರಳು ಹರಳಿನ ನಡುವಿನ ಗೋಡೆ ಆಮ್ಲಕ್ಕೆ ಕರಗಿ, ಒಂದು ದಿನ ಆ ವಸ್ತು ಬಿಸ್ಕತ್ತಿನಂತೆ ಮುರಿಯುತ್ತದೆ. ಇದನ್ನು ತಡೆಯಲೆಂದೇ ಎರಕವನ್ನು 1040 ಡಿಗ್ರಿಗೆ ಕಡಿಮೆಯಿಲ್ಲದಂತೆ ಕಾಸಿ ನೀರಿಗೆ ಅದ್ದುತ್ತಾರೆ. ಆದರೆ ಮುಂದೆ ಬೆಸುಗೆ ಬಿದ್ದರೆ ಆ ಸಂಸ್ಕಾರದ ಫಲ ಅಲ್ಲಿ ಅಳಿಯುತ್ತದೆ. ಮೂಲದಲ್ಲಿಯೇ ಇಂಗಾಲ ಕಡಿಮೆಯಿರುವುದು ನಿಜವಾದ ರಕ್ಷೆ.

ಫೆರೋ ಕ್ರೋಮಿನಲ್ಲಿ ಎರಡು ಜಾತಿ. ಇಂಗಾಲ ತೆಗೆದದ್ದು ಒಂದು. ಅದರಲ್ಲಿ ಇಂಗಾಲ ನೂರಕ್ಕೆ 0.1ಕ್ಕಿಂತ ಕಡಿಮೆ, ಬೆಲೆ ಹೆಚ್ಚು. ಇಂಗಾಲ ಉಳಿದದ್ದು ಇನ್ನೊಂದು. ಅದರಲ್ಲಿ ಇಂಗಾಲ 6ರಿಂದ 8, ಬೆಲೆ ಕಡಿಮೆ. ಎರಡೂ ಬೂದುಬಣ್ಣದ ಹೊಳೆಯುವ ಕಲ್ಲುಗಳಂತೆ ಇರುತ್ತವೆ. ನಮ್ಮ ಫೌಂಡ್ರಿಯಲ್ಲಿ ಎರಡನೆಯದನ್ನು, ಸವೆತ ತಡೆಯುವ ಗಡಸು ಬೀಡಿನ ಎರಕಕ್ಕಾಗಿ, ಗೋಡೆಯ ಬದಿಯಲ್ಲಿ ಇಟ್ಟಿದ್ದರು.

ಕಳೆದ ವರ್ಷದ ರಜೆಯ ಕೊನೆಯ ವಾರ. ಔಷಧದ ಕಾರ್ಖಾನೆಯೊಂದಕ್ಕೆ ವಾಲ್ವುಗಳ ಎರಕ. ಸಂಜೆಯೊಳಗೆ ಹೊಯ್ಯಬೇಕೆಂದು ಅಚ್ಚುಗಳೆಲ್ಲ ಸಾಲಾಗಿ ಸಿದ್ಧವಾಗಿದ್ದವು. ಮೊದಲನೆಯ ಬಿಲ್ಲೆಯಲ್ಲಿ ಕ್ರೋಮಿಯಂ 18.0, ಇಂಗಾಲ 0.06. "ನಾಲ್ಕು ಕಿಲೋ ಫೆರೋ ಕ್ರೋಮ್ ತೂಗಿ ತಾ" ಎಂದು ದೊಡ್ಡಪ್ಪ ಹೇಳಿದರು. ನಾನು ಚೀಲದ ಮೇಲೆ ಫೆರೋ ಕ್ರೋಮ್ ಎಂದಿದ್ದುದನ್ನು ನೋಡಿದೆ; ಅದರ ಕೆಳಗೆ ಇನ್ನೊಂದು ಸಾಲು ಇದ್ದುದನ್ನು ನೋಡಲಿಲ್ಲ. ಸರಿಯಾಗಿ ನಾಲ್ಕು ಕಿಲೋ ತೂಗಿದೆ. ತೂಕದಲ್ಲಿ ಒಂದು ಗುಂಜಿ ತಪ್ಪಿರಲಿಲ್ಲ!

ಸೇರಿಸಿದ ಮೇಲೆ ಎರಡನೆಯ ಬಿಲ್ಲೆ ತೆಗೆಯುವುದು ದೊಡ್ಡಪ್ಪನ ಪದ್ಧತಿ. ಇಷ್ಟು ಚಿಕ್ಕ ತಿದ್ದುಪಡಿಗೆ ಅದೇಕೆ ಎಂದು ಇತರರು ಗೊಣಗುವುದುಂಟು. ನಾನು ಎರಡನೆಯ ಬಿಲ್ಲೆಯನ್ನು ಒಯ್ದೆ. ಪರೀಕ್ಷಾಶಾಲೆಯವರು ಪಟ್ಟಿಯನ್ನು ನೋಡಿ, "ಇದು ಯಾವ ಗ್ರೇಡು?" ಎಂದು ಕೇಳಿದರು. ಸಿ.ಎಫ್.8 ಎಂದೆ. ಅವರು ಮಾತಾಡದೆ ಒಂದು ಅಂಕಿಯ ಕೆಳಗೆ ಗೆರೆ ಎಳೆದರು. ಕ್ರೋಮಿಯಂ ಬೇಕಾದಷ್ಟೇ ಇತ್ತು. ಇಂಗಾಲ 0.15. ದಾರಿಯುದ್ದಕ್ಕೂ ನನಗೆ ಎರಡು ಚೀಲಗಳೂ ಕಣ್ಣೆದುರಿಗೆ ಬರುತ್ತಿದ್ದವು.

ಓದುಗರು ಲೆಕ್ಕ ಹಾಕಿ ನೋಡಬಹುದು. ಮೊದಲಿದ್ದ ಇಂಗಾಲ 180 ಗ್ರಾಮು. ನಾನು ತಂದ ನಾಲ್ಕು ಕಿಲೋದಲ್ಲಿ ನೂರಕ್ಕೆ 7ರಂತೆ 280 ಗ್ರಾಮು. ಒಟ್ಟು 460 ಗ್ರಾಮು. 304 ಕಿಲೋಗೆ ಶೇಕಡಾ 0.15. ಇದನ್ನು ಸರಿಪಡಿಸುವುದು ಹೇಗೆ? ತೆಗೆಯುವ ಉಪಾಯವಿಲ್ಲದಿದ್ದರೆ ಉಳಿದದ್ದು ತೆಳುಮಾಡುವುದೊಂದೇ. ಇಂಗಾಲವೇ ಇಲ್ಲದ ಸರಕನ್ನು ಸೇರಿಸುತ್ತಾ ಹೋದರೂ 0.08 ತಲುಪಲು ಒಟ್ಟು ಲೋಹ 575 ಕಿಲೋ ಆಗಬೇಕು. ನಮ್ಮ ಕುಲುಮೆ ಹಿಡಿಯುವುದು 350 ಕಿಲೋ. ತುಂಬಾ ತುಂಬಿಸಿದರೂ 0.13ಕ್ಕಿಂತ ಕೆಳಗೆ ಇಳಿಯದು. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಚಿಟಿಕೆ ಹಾಕಿದರಾಯಿತು. ಹೆಚ್ಚಾದರೆ ನೀರು ಹಾಕಬೇಕು, ಬೇಳೆ ಹಾಕಬೇಕು, ಹುಳಿ ಹಾಕಬೇಕು, ಕೊನೆಗೆ ಪಾತ್ರೆಯೇ ಸಾಲದು. ಮೇಲಿನ ಮಿತಿ ಮಾತ್ರ ಇರುವ ವಸ್ತುಗಳ ಸ್ವಭಾವ ಇಂಥದ್ದು. ಕೊರತೆಯನ್ನು ಅರ್ಧ ಗಂಟೆಯಲ್ಲಿ ತುಂಬಬಹುದು. ಅತಿಯಾದದ್ದು ಹಾಗೆ ಬಿಟ್ಟುಹೋಗುವುದಿಲ್ಲ.

ಕುಲುಮೆಯ ಸುತ್ತ ಎಲ್ಲರೂ ಸುಮ್ಮನಾದರು. ಆಗ ಅಚ್ಚಿನ ಕೆಲಸದ ಹಿರಿಯರೊಬ್ಬರು, "ಯಜಮಾನ್ರೇ, ಹೊಯ್ದುಬಿಡೋಣ. ಅವರ ಗನ್ನು ಕಾರ್ಬನ್ ನೋಡೋದಿಲ್ಲ" ಎಂದರು. ಅದು ನಿಜವೇ. ಗಿರಾಕಿಗಳು ಸರಕನ್ನು ಇಳಿಸಿಕೊಳ್ಳುವಾಗ ಪಿಸ್ತೂಲಿನಂಥ ಒಂದು ಎಕ್ಸ್-ಕಿರಣದ ಯಂತ್ರವನ್ನು ಒತ್ತಿ ನೋಡುವುದುಂಟು. ಅದು ಕ್ರೋಮಿಯಂ, ನಿಕ್ಕಲುಗಳನ್ನು ಚೆನ್ನಾಗಿ ತೋರಿಸುತ್ತದೆ; ಇಂಗಾಲದಂಥ ಹಗುರವಾದ ಮೂಲವಸ್ತು ಅದಕ್ಕೆ ಕಾಣುವುದೇ ಇಲ್ಲ. ಮೊದಲ ಬಿಲ್ಲೆಯ ಪಟ್ಟಿಯಲ್ಲಿ ಇಂಗಾಲ 0.06 ಎಂದು ಅಚ್ಚಾಗಿಯೂ ಇತ್ತು. ಆ ಕಾಗದವನ್ನು ಸರಕಿನೊಡನೆ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಗಾಲ 0.20ರವರೆಗೆ ಒಪ್ಪುವ ಸಿ.ಎಫ್.20 ಎಂಬ ಬೇರೊಂದು ಗ್ರೇಡು ಉಂಟು; ಯಜಮಾನರು ಅದಕ್ಕೆ ಯಾರಾದರೂ ಗಿರಾಕಿ ಇದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸಿದರು. ಇರಲಿಲ್ಲ.

ಯಜಮಾನರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ, "ಆ ವಾಲ್ವಿಗೆ ಅವರು ಪೈಪು ವೆಲ್ಡ್ ಮಾಡ್ತಾರೆ ಸಾರ್. ಅಲ್ಲೇ ತಿನ್ನೋದು. ನಾವು ಇರೋದಿಲ್ಲ ಅಲ್ಲಿ" ಎಂದರು. ಇಷ್ಟೇ. ಯಜಮಾನರು ಸ್ವಲ್ಪ ಹೊತ್ತು ನಿಂತಿದ್ದು, "ಗಟ್ಟಿ ಹೊಯ್ರಿ" ಎಂದು ಹೇಳಿ ಒಳಗೆ ಹೋದರು. ಅಚ್ಚುಗಳ ಬದಲು ಕಬ್ಬಿಣದ ತೊಟ್ಟಿಗಳಿಗೆ ಲೋಹವನ್ನು ಹೊಯ್ದು ಗಟ್ಟಿ ಮಾಡಿದರು. ಟನ್ನಿಗೆ ಸುಮಾರು 600 ಯೂನಿಟ್ಟಿನಂತೆ 180 ಯೂನಿಟ್ಟು ವಿದ್ಯುತ್ತು, ಇಪ್ಪತ್ತು ಜನರ ಒಂದು ದಿನದ ದುಡಿಮೆ, ಒಪ್ಪಿದ ದಿನಕ್ಕೆ ಕೊಡಲಾಗದ ಸರಕು, ಇವು ನನ್ನ ಒಂದು ಓದದ ಸಾಲಿನ ಬೆಲೆ. ನಾನು ತಪ್ಪೊಪ್ಪಿಕೊಂಡಾಗ ದೊಡ್ಡಪ್ಪ ಬೈಯಲಿಲ್ಲ. "ಚೀಲ ಎರಡನ್ನೂ ಒಂದೇ ಗೋಡೆಗೆ ಇಟ್ಟದ್ದು ನನ್ನ ತಪ್ಪು ಕಣೋ" ಎಂದರು. ಮರುದಿನ ಕೆಂಪು ಬಣ್ಣ ಬಳಿದ ಒಂದು ಡ್ರಮ್ಮಿನಲ್ಲಿ ಆ ಚೀಲವನ್ನು ಹಾಕಿ, ಬೇರೆ ಮೂಲೆಗೆ ಸಾಗಿಸಿ ಬೀಗ ಹಾಕಿದರು.

ಆ ಗಟ್ಟಿಗಳು ವ್ಯರ್ಥವಾದವೇ? ಇಲ್ಲ. ಇಲ್ಲಿಯೂ ಲೆಕ್ಕ ನೆರವಿಗೆ ಬಂತು. 300 ಕಿಲೋದ ಪ್ರತಿಯೊಂದು ಹೀಟಿನಲ್ಲಿ ಇಂಗಾಲ 0.05 ಇರುವ ಸರಕು 250 ಕಿಲೋ, ಈ ಗಟ್ಟಿ 50 ಕಿಲೋ ಹಾಕಿದರೆ, ಇಂಗಾಲ 125 ಗ್ರಾಮು ಮತ್ತು 75 ಗ್ರಾಮು, ಸೇರಿ 200 ಗ್ರಾಮು, ಎಂದರೆ 0.067. ಮಿತಿಯ ಒಳಗೇ ಉಳಿಯಿತು. ಒಂದು ನಿಮಿಷದಲ್ಲಿ ಮಾಡಿದ ತಪ್ಪು ಆರು ಹೀಟುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ, ಜೀರ್ಣವಾಯಿತು. ಆರನೆಯದು ಮುಗಿಯುವ ಹೊತ್ತಿಗೆ ನಮ್ಮ ಕಾಲೇಜು ತೆರೆದಿತ್ತು.

ಮುಗಿಸುವ ಮುನ್ನ ಪಾತ್ರೆ ಅಂಗಡಿಗೆ ಹಿಂದಿರುಗೋಣ. ಅಯಸ್ಕಾಂತ ಅಂಟಿದರೆ ಕೆಟ್ಟ ಸ್ಟೀಲು, ಅಂಟದಿದ್ದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಅರ್ಧಸತ್ಯ. ನಿಕ್ಕಲು ಹೆಚ್ಚಿರುವ ಉಕ್ಕಿನ ಹರಳಿನ ಕಟ್ಟಡಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಸರಿ. ಆದರೆ ನಿಕ್ಕಲು ತುಟ್ಟಿಯೆಂದು ಅದರ ಬಹುಪಾಲನ್ನು ಬಿಟ್ಟು ಮ್ಯಾಂಗನೀಸನ್ನು ತುಂಬಿದ ಅಗ್ಗದ ಉಕ್ಕಿಗೂ ಅದು ಅಂಟುವುದಿಲ್ಲ. ಇತ್ತ, ಒಳ್ಳೆಯ ಚಾಕುವಿನ ಅಲಗಿಗೆ ಅದು ಚೆನ್ನಾಗಿ ಅಂಟುತ್ತದೆ. ನಮ್ಮ ಸಿ.ಎಫ್.8 ಎರಕಕ್ಕೂ ನವಿರಾಗಿ ಅಂಟುತ್ತದೆ. ಏಕೆಂದರೆ ಎರಕ ಗಟ್ಟಿಯಾಗುವಾಗ ಬಿರುಕು ಬಿಡದಿರಲೆಂದು ಫೆರೈಟ್ ಎಂಬ ಕಾಂತಗುಣದ ಹರಳು ಅದರಲ್ಲಿ ಸ್ವಲ್ಪ ಇರುವಂತೆ ಬೇಕೆಂತಲೇ ಪಾಕ ಮಾಡಿರುತ್ತಾರೆ. ಕ್ರೋಮಿಯಂ, ಸಿಲಿಕಾನುಗಳು ಅದನ್ನು ಹೆಚ್ಚಿಸುತ್ತವೆ. ನಿಕ್ಕಲು, ಇಂಗಾಲಗಳು ತಗ್ಗಿಸುತ್ತವೆ. 1949ರಲ್ಲಿ ಷೆಫ್ಲರ್ ಎಂಬ ವಿಜ್ಞಾನಿ ರಚಿಸಿದ ನಕ್ಷೆಯ ಪ್ರಕಾರ ಈ ತಕ್ಕಡಿಯಲ್ಲಿ ಒಂದು ಪಾಲು ಇಂಗಾಲ ಮೂವತ್ತು ಪಾಲು ನಿಕ್ಕಲಿಗೆ ಸಮ! ಕಣ್ಣಿಗೆ ಕಾಣದಷ್ಟು ಇರುವ ವಸ್ತುವಿನ ಬಲ ಎಷ್ಟೆಂಬುದು ಇದರಿಂದ ತಿಳಿಯುವುದು. ಆದುದರಿಂದ ಅಯಸ್ಕಾಂತವೂ, ಹೊಳಪೂ, ಪಿಸ್ತೂಲಿನ ಯಂತ್ರವೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತವೆ. ಉಳಿದ ಪ್ರಶ್ನೆಗಳಿಗೆ ಕುಲುಮೆಯ ಬಳಿ ನಿಂತವನೇ ಉತ್ತರ ಹೇಳಬೇಕು.

ನಾವು ದಿನವೂ ನಲ್ಲಿಯ ನೀರನ್ನು ಕುಡಿಯುತ್ತೇವೆ, ಮಾತ್ರೆ ನುಂಗುತ್ತೇವೆ. ಆ ನೀರನ್ನು ತಳ್ಳಿದ ಪಂಪು, ಆ ಮದ್ದು ಹರಿದ ವಾಲ್ವು ಎಲ್ಲೋ ಒಂದು ತಗಡಿನ ಚಾವಣಿಯ ಕೆಳಗೆ ಹುಟ್ಟಿರಬಹುದು. ಅಲ್ಲಿ ಯಾರೋ ಒಬ್ಬರು ಎರಡನೆಯ ಬಿಲ್ಲೆ ತೆಗೆದಿರಬಹುದು. ಇಂದಿಗೂ ನಾನು ಪುಸ್ತಕ ಓದುವಾಗ ಹೆಸರಿನ ಕೆಳಗಿನ ಸಾಲನ್ನು ಬಿಡದೆ ಓದುತ್ತೇನೆ. ಈ ಪಾಠವನ್ನು ಕಾಲೇಜಿನಲ್ಲಿ ಕಲಿತಿದ್ದರೆ ಖರ್ಚು ಕಡಿಮೆಯಾಗುತ್ತಿತ್ತೆಂದು ದೊಡ್ಡಪ್ಪ ಆಗಾಗ ಹಾಸ್ಯಮಾಡುವುದುಂಟು.

— ದ್ವಿತೀಯ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ